ಸಿಂಹ ನರಿಯಾದ ವರ್ಷ

ಹೋದ ತಿಂಗಳು ನೆಂಟರೊಬ್ಬರ ಗೃಹಪ್ರವೇಶಕ್ಕೆ ರಾಮನಗರಕ್ಕೆ ಹೋಗಿದ್ದೆ. ಬಸ್ಸಿಳಿದು ಮನೆ ಹುಡುಕುತ್ತಾ ಒಂದು ಓಣಿಗೆ ತಿರುಗಿದೆವು. ಅಲ್ಲಿ ಯಾರದೋ ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯುತ್ತಿತ್ತು. ಕುದಿಯುವ ನೀರಿನಲ್ಲಿ ಗೂಡು ಮೆತ್ತಗಾಗಿ, ಒಳಗಿನ ಹುಳು ಸತ್ತು, ನೂಲು ಬಿಚ್ಚಿಕೊಳ್ಳುವಾಗ ಏಳುವ ವಾಸನೆ ಗೊತ್ತಿದ್ದವರಿಗೇ ಗೊತ್ತು. ಜೊತೆಗಿದ್ದ ಸೊಸೆ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನನಗೆ ಮೂಗು ಮುಚ್ಚಿಕೊಳ್ಳಬೇಕೆನಿಸಲಿಲ್ಲ. ಎರಡೂ ಕಿವಿ ಬಿಸಿಯಾದವು, ತಲೆ ತಾನಾಗಿ ತಗ್ಗಿತು. ಮೇಡಂ ಅನ್ನಿಸಿಕೊಂಡು ಊರೂರ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದ ಹೆಂಗಸು ನಾನು. ಆದರೂ ಆ ವಾಸನೆ ಬಡಿದರೆ ಸಾಕು, ಲಂಗ ದಾವಣಿಯ ಹುಡುಗಿಯಾಗಿ ಗೂಡಿನ ಮಾರ್ಕೆಟ್ಟಿನ ಮೂಲೆಯಲ್ಲಿ ನಿಂತುಬಿಡುತ್ತೇನೆ.

ನಮ್ಮೂರು ಮಾಗಡಿ ತಾಲ್ಲೂಕಿನದು, ಗುಡೇಮಾರನಹಳ್ಳಿಯಿಂದ ಇನ್ನೂ ಒಳಗೆ. ನಾನು ಎಸ್ಸೆಸ್ಸೆಲ್ಸಿಗೆ ಬಂದ ಹೊತ್ತಿಗೆ ಆ ಕಡೆಯೆಲ್ಲ ರೇಷ್ಮೆಯ ಹುಚ್ಚು ಹಿಡಿದಿತ್ತು. ರಾಗಿ ಹೊಲ, ಹುರುಳಿ ಹೊಲ ಎಲ್ಲ ಹಿಪ್ಪುನೇರಳೆ ತೋಟವಾಗಿದ್ದವು. ನಡುಮನೆಯನ್ನು ಹುಳುವಿಗೆ ಬಿಟ್ಟುಕೊಟ್ಟು ಮನೆಯವರು ಜಗುಲಿಯ ಮೇಲೆ ಮಲಗುತ್ತಿದ್ದರು. ಯಾರ ಬಾಯಲ್ಲೂ ಹುಳುವಿನ ಮಾತೇ. ಹುಳು ತಿನ್ನುವುದನ್ನು ಬಿಟ್ಟು ಮಂಕಾಗಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ದಾರಿಯಲ್ಲಿ ಎದುರಾದವರು ಊಟ ಆಯಿತೇ ಎಂದು ಕೇಳುವುದನ್ನು ಬಿಟ್ಟು, ಎಷ್ಟನೇ ಜ್ವರ ಎಂದು ಕೇಳುತ್ತಿದ್ದರು. ಹೆಂಚಿನ ಮನೆಗಳು ತಾರಸಿಯಾದವು, ಟೇಪ್ ರೆಕಾರ್ಡರ್ ಬಂತು, ಮದುವೆಗೆ ಮೈಕು ಬಂತು.

ನಮ್ಮದು ಕುರಿ ಸಾಕುವ ಮನೆತನ. ತುಂಡು ತೋಟವಿತ್ತು, ಒಂದಿಷ್ಟು ಹುಳು ಮೇಯಿಸುತ್ತಿದ್ದೆವು. ಗೊಬ್ಬರಕ್ಕಾಗಿ ಕರೆದವರ ತೋಟದಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸುತ್ತಿದ್ದೆವು. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ಕಣ್ಣು ಮಂಜಾಗಿದ್ದ ಅಜ್ಜಿ, ನಾನು. ಅಪ್ಪನ ಹೆಸರು ಮಾರಯ್ಯ. ಊರಲ್ಲಿ ಅವನಿಗೊಂದು ಮರ್ಯಾದೆ ಇದ್ದದ್ದು ತೋಟದಿಂದಲ್ಲ, ಕುರಿಯಿಂದಲೂ ಅಲ್ಲ. ಗುಡ್ಡದಮ್ಮನ ಬಂಡೆಗೆ ಸಂಜೆ ದೀಪ ಹಚ್ಚುವ ಹಕ್ಕು ನಮ್ಮ ಮನೆಯದಾಗಿತ್ತು.

ಊರ ಹಿಂದಿನ ಗುಡ್ಡದಲ್ಲಿ, ನೀರಿನ ದೊಣೆಯ ಪಕ್ಕ, ಮಲಗಿದ ಎಮ್ಮೆಯಂಥ ಒಂದು ಬಂಡೆ. ಅದರ ನೆತ್ತಿಯ ಮೇಲೆ ಒಂದು ಪ್ರಾಣಿಯ ಚಿತ್ರ. ಉಳಿಯಿಂದ ಕೆತ್ತಿದ್ದಲ್ಲ, ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಮೂಡಿಸಿದ ಬಿಳಿಚು ಗೆರೆ. ಅಮ್ಮನವರು ನೀರು ಕುಡಿಯಲು ಇಳಿದಾಗ ಅವರ ಸಿಂಹ ಅಲ್ಲೇ ನಿಂತುಬಿಟ್ಟಿತು ಅನ್ನುವುದು ಅಜ್ಜಿ ಹೇಳುತ್ತಿದ್ದ ಕಥೆ. ತಲೆಮಾರುಗಳಿಂದ ಸುರಿದ ಎಣ್ಣೆ, ಅರಿಸಿನ, ಕುಂಕುಮ ಎಲ್ಲ ಸೇರಿ ಪ್ರಾಣಿಯ ಮುಖದ ಮೇಲೆ ದಪ್ಪ ಪದರವಾಗಿ ಕೂತಿತ್ತು. ನಮ್ಮ ಕಣ್ಣಿಗೆ ಬೀಳುತ್ತಿದ್ದದ್ದು ಬೆನ್ನಿನ ಗೆರೆ ಮತ್ತು ಬಾಲ ಮಾತ್ರ. ಸಿಂಹ ಅಂದಿದ್ದರು, ಸಿಂಹವೇ ಆಗಿತ್ತು.

ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದಾಗ ಊರಿಗೊಂದು ದೊಡ್ಡ ಗುಡಿ ಬೇಕೆನಿಸಿತು. ಮುಂದೆ ನಿಂತವರು ಪುಟ್ಟೇಗೌಡರು, ಊರಿನಲ್ಲೆಲ್ಲ ದೊಡ್ಡ ತೋಟ ಅವರದು. ಬಂಡೆಯ ಮೇಲೆಯೇ ಗುಡಿ, ಎದುರಿಗೆ ಆಳೆತ್ತರದ ಕಲ್ಲಿನ ಸಿಂಹ, ಪೂಜೆ ಮಾರಯ್ಯನದೇ ಎಂದು ಪಂಚಾಯಿತಿ ಕಟ್ಟೆಯಲ್ಲಿ ತೀರ್ಮಾನವಾಯಿತು. ಅಪ್ಪ ಆ ದಿನಗಳಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯುತ್ತಿದ್ದುದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಗೌಡರ ಜಗುಲಿಯಲ್ಲಿ ಅವನಿಗೆ ಕೂರಲು ಚಾಪೆ ಹಾಕುತ್ತಿದ್ದರು. ನಾನೂ ಮಾಗಡಿಯ ಹೈಸ್ಕೂಲಿನಲ್ಲಿ ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದೆ. ಹೊಸ ಗುಡಿಯ ಪೂಜಾರಿಯ ಮಗಳು ನಾನು.

ಸಿಂಹ ಕಡೆಯಲು ಗೊತ್ತಾದ ಶಿಲ್ಪಿ, ಮೂಲ ಚಿತ್ರವನ್ನು ಸರಿಯಾಗಿ ನೋಡಬೇಕು, ಎಣ್ಣೆಜಿಡ್ಡು ತೆಗೆಸಿ ಅಂದ. ಅಪ್ಪ, ನಾನು ಬಿಸಿನೀರು, ಸೀಗೆಪುಡಿ ಹೊತ್ತುಕೊಂಡು ಹೋಗಿ ಉಜ್ಜಿದೆವು. ಮುಖ ಪೂರ್ತಿ ತೆರೆಯುವ ಮೊದಲೇ ಕತ್ತಲಾಯಿತು. ಅದೇ ವಾರ ಆ ಕಡೆಯ ಗುಡ್ಡಗಳಲ್ಲಿ ಆದಿಮಾನವರ ಬಂಡೆಚಿತ್ರ ಹುಡುಕುತ್ತಿದ್ದ ಒಬ್ಬ ಮೇಡಂ ಮಾಗಡಿಯಲ್ಲಿ ಉಳಿದುಕೊಂಡಿದ್ದರು. ಮೈಸೂರಿನ ಕಡೆಯವರು, ಹತ್ತಿಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು. ನಮ್ಮ ಸಿಂಹ ಎಷ್ಟು ಹಳೆಯದೆಂದು ಓದಿದವರ ಬಾಯಿಂದಲೇ ಹೇಳಿಸೋಣ ಎಂದು ಗೌಡರೇ ಹೋಗಿ ಅವರನ್ನು ಕರೆತಂದರು. ನೆರೆ ಊರುಗಳ ಮುಖಂಡರಿಗೂ ಹೇಳಿಕಳಿಸಿದ್ದರು. ಗುಡ್ಡದ ತುಂಬ ಜನ.

ಮೇಡಂ ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಒದ್ದೆ ಬಟ್ಟೆಯಿಂದ ಉಳಿದ ಜಿಡ್ಡನ್ನು ಮೆಲ್ಲಗೆ ಒರೆಸಿದರು. ಬಹಳ ಹೊತ್ತು ನೋಡಿದರು. ಅವರ ಮುಖ ಹೇಗೆ ಅರಳಿತೆಂದರೆ, ಏನೋ ದೊಡ್ಡ ಸಂತೋಷದ ಸುದ್ದಿ ಬರುತ್ತದೆಂದು ನಾನೂ ಒಂದು ಹೆಜ್ಜೆ ಮುಂದೆ ಬಂದೆ.

"ಇದು ಎಷ್ಟು ಅಪರೂಪದ್ದು ನಿಮಗೆ ಗೊತ್ತಾ?" ಅಂದರು. "ಸಾವಿರಾರು ವರ್ಷದ ಹಿಂದಿನವರ ಕೈ ಇದು. ಸಿಂಹ ಅಲ್ಲ ಗೌಡರೇ. ನರಿ."

ಅವರು ಖುಷಿಯಲ್ಲೇ ವಿವರಿಸುತ್ತಾ ಹೋದರು. ನಿಮಿರಿದ ಕಿವಿ, ಚೂಪು ಮೂತಿ, ಸಣ್ಣ ಕಾಲು ತೋರಿಸಿದರು. ಸಿಂಹದ ಬಾಲದ ತುದಿಯಲ್ಲಷ್ಟೇ ಕುಚ್ಚು ಇರುತ್ತದೆ, ಇದರ ಬಾಲ ಬುಡದಿಂದ ತುದಿಯವರೆಗೂ ಪೊದೆ ಪೊದೆ ಅಂದರು. ಒಂದು ಸಲ ನರಿ ಅಂತ ಹೇಳಿದ ಮೇಲೆ ನಮ್ಮಲ್ಲಿ ಯಾರಿಗೂ ಅದು ಮತ್ತೆ ಸಿಂಹವಾಗಿ ಕಾಣಲಿಲ್ಲ. ಕುರಿ ಕಾಯುವಾಗ ಎಷ್ಟು ನರಿ ನೋಡಿಲ್ಲ ನಾನು. ಹೊರಳಿ ಹಿಂದಕ್ಕೆ ನೋಡಿ ನಿಂತ ಅಸಲು ಗುಳ್ಳೆನರಿ. ನೆರೆ ಊರಿನವರ ಕಡೆಯಿಂದ ಯಾರೋ ಕಿಸಕ್ಕೆಂದರು.

ಗೌಡರು ಮೇಡಂ ಕಡೆ ತಿರುಗಲೇ ಇಲ್ಲ. ಅಪ್ಪನನ್ನು ನೋಡಿದರು. ದನಿ ಏರಿಸದೆ ಕೇಳಿದರು: "ಏನ್ಲಾ ಮಾರ, ನಿಮ್ಮ ತಾತನ ಕಾಲ್ದಿಂದ ನಮ್ಮ ಕೈಲಿ ನರಿಗೆ ಅಡ್ಡಬೀಳಿಸ್ಕಂಡ್ ಬಂದ್ರಾ?"

ಅಪ್ಪನ ಕೈಯಲ್ಲಿ ಹಿತ್ತಾಳೆ ದೀಪವಿತ್ತು. ಅದನ್ನು ನರಿಯ ಮುಂದೆ ಇಡಬೇಕೋ, ವಾಪಸು ಒಯ್ಯಬೇಕೋ ತಿಳಿಯದೆ ಎಲ್ಲರೂ ಇಳಿದುಹೋಗುವವರೆಗೂ ಹಿಡಿದುಕೊಂಡೇ ನಿಂತಿದ್ದ.

ಗುಡಿ ಕಟ್ಟುವ ಜಾಗ ಗುಡ್ಡದಿಂದ ಕೆರೆಯ ಬಳಿಗೆ ಬಂತು. ಸಿಂಹ ಸಿಮೆಂಟಿನದಾಯಿತು. ಪೂಜೆಗೆ ಹೊರಗಿನವರನ್ನು ಗೊತ್ತುಮಾಡಿದರು. ಅಪ್ಪನಿಗೆ ಯಾರೂ ಏನೂ ಹೇಳಲಿಲ್ಲ. ಗೌಡರ ಜಗುಲಿಯಲ್ಲಿ ಚಾಪೆ ಹಾಕುವುದು ನಿಂತಿತು, ಅಷ್ಟೇ. ನೆರೆಯ ಊರಿನವರು ನಮ್ಮೂರಿಗೆ ನರಿಹಳ್ಳಿ ಅಂತ ಹೆಸರಿಟ್ಟರು. ಹೆಣ್ಣು ನೋಡಲು ಹೋದ ಕಡೆ, ಹುಳುವಿನ ಮೊಟ್ಟೆ ತರಲು ಹೋದ ಕಡೆ, ಬಸ್ಸಿನಲ್ಲಿ, ಎಲ್ಲ ಕಡೆಯೂ ಊರಿನವರು ಆ ಹೆಸರು ಕೇಳಿಸಿಕೊಂಡು ಬಂದು, ಸಿಟ್ಟನ್ನು ನಮ್ಮ ಮನೆಯ ಮೇಲೆ ಹಾಕಿದರು. ಮಂದೆ ನಿಲ್ಲಿಸಿ ಎಂದು ಕರೆಯುವವರು ಕಡಿಮೆಯಾದರು.

ಶಾಲೆಯಲ್ಲಿ ನಾನು ಒಳಗೆ ಕಾಲಿಟ್ಟರೆ ಹಿಂದಿನ ಬೆಂಚಿನಿಂದ ಊಳಿಡುವ ಸದ್ದು. ಒಬ್ಬಳು ಶುರುಮಾಡಿದರೆ ಮಿಕ್ಕವರು ನಿಜವಾದ ನರಿಗಳಂತೆಯೇ ದನಿಗೂಡಿಸುತ್ತಿದ್ದರು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ನಗು ನುಂಗಿಕೊಳ್ಳುತ್ತಿದ್ದುದು ಅವರ ಹೆಗಲಿನಿಂದಲೇ ಗೊತ್ತಾಗುತ್ತಿತ್ತು. ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ವಾಪಸು ತರುತ್ತಿದ್ದೆ. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ನಮ್ಮೂರಿನ ಹಿಂದಿನ ಸ್ಟಾಪಿನ ಹೆಸರು ಹೇಳಿ, ಅಲ್ಲಿಂದ ನಡೆಯುತ್ತಿದ್ದೆ.

ಅಷ್ಟನ್ನೂ ತಡೆದುಕೊಂಡೆ. ತಡೆಯಲಾಗದೆ ಹೋದದ್ದು ಮಾರ್ಕೆಟ್ಟಿನ ದಿನ. ದಸರಾ ರಜೆಯಲ್ಲಿ ಗೂಡಿನ ಮೂಟೆಗಳ ಜೊತೆ ಅಪ್ಪ ನನ್ನನ್ನೂ ರಾಮನಗರಕ್ಕೆ ಕರೆದುಕೊಂಡು ಹೋದ. ಬೀದಿಯುದ್ದಕ್ಕೂ ಗೂಡು ಬೇಯಿಸುವ ವಾಸನೆ. ಒಳಗೆ ಸಾಲು ಸಾಲು ಗೂಡಿನ ರಾಶಿ, ನೂಲು ತೆಗೆಸುವ ರೀಲರುಗಳು ರಾಶಿಗೆ ಕೈ ಹಾಕಿ ಗೂಡು ಅದುಮಿ ನೋಡುತ್ತಾ ಹೋಗುತ್ತಿದ್ದರು. ನಮ್ಮ ರಾಶಿಯ ಮುಂದೆ ಒಬ್ಬರು ನಿಂತಾಗ, ಪಕ್ಕದಲ್ಲಿದ್ದ ನೆರೆ ಊರಿನವನೊಬ್ಬ ಅದು ನರಿದೇವರ ಪೂಜಾರಿಯ ಗೂಡು ಎಂದು ಪರಿಚಯ ಹೇಳಿದ. ಸುತ್ತ ಇದ್ದವರೆಲ್ಲ ನಕ್ಕರು. ಅಪ್ಪ ಸಿಟ್ಟಾಗುತ್ತಾನೆ, ಏನಾದರೂ ಅನ್ನುತ್ತಾನೆ ಅಂದುಕೊಂಡೆ. ಅಪ್ಪನೂ ನಕ್ಕ. ಹೆಗಲ ಮೇಲಿನ ಟವೆಲು ಸರಿಮಾಡಿಕೊಳ್ಳುತ್ತಾ, ಅವರಿಗಿಂತ ಒಂದು ಪಾಲು ಜಾಸ್ತಿಯೇ ನಕ್ಕ. ಅವನನ್ನು ಆವರೆಗೆ ಯಾರು ಬೈದಾಗಲೂ ನನಗೆ ಹಾಗಾಗಿರಲಿಲ್ಲ. ಭೂಮಿ ಬಿರಿಯಬಾರದೇ ಅನ್ನಿಸಿತು.

ಅದಾದ ಮೇಲೆ ಅಪ್ಪ ಬಂಡೆಯ ಕಡೆ ಹೋಗುವುದನ್ನೇ ನಿಲ್ಲಿಸಿದ. ಸಂಜೆಯಾದರೆ ಅಜ್ಜಿ, ದೀಪ ಹಚ್ಚಿ ಬಂದೆಯಾ ಎಂದು ಕೇಳುತ್ತಿದ್ದಳು. ಹೂಂ ಕಣವ್ವ ಅನ್ನುತ್ತಿದ್ದ ಅಪ್ಪ. ಗುಡ್ಡ ಹತ್ತಿದವನ ಉಸಿರು ಹೇಗಿರುತ್ತದೆ, ಕೂತಲ್ಲೇ ಕೂತವನ ಉಸಿರು ಹೇಗಿರುತ್ತದೆ ಎಂದು ಕಣ್ಣು ಕಾಣದ ಅಜ್ಜಿಗೆ ತಿಳಿಯದೇ? ಆದರೂ ಆಕೆ ಎರಡನೇ ಸಲ ಕೇಳುತ್ತಿರಲಿಲ್ಲ. ಮಗನ ಸುಳ್ಳನ್ನು ಹಾಗೇ ಸೆರಗಿನಡಿ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಆ ಮೇಡಂ ಮತ್ತೆ ಬಂದರು. ಒಬ್ಬರೇ ಬಂದಿದ್ದರು. ಮಾಗಡಿಯಲ್ಲಿ ಯಾರೋ ನರಿಹಳ್ಳಿಯ ಕಥೆಯನ್ನು ತಮಾಷೆಯಾಗಿ ಹೇಳಿದಾಗ ಅವರಿಗೆ ವಿಷಯ ಗೊತ್ತಾಗಿತ್ತು. ಅಪ್ಪ ಹುಳುವಿನ ಕೋಣೆಯಲ್ಲಿ ಸೊಪ್ಪು ಹಾಕುತ್ತಿದ್ದ. ಹುಳು ನಾಲ್ಕನೇ ಜ್ವರ ದಾಟಿ ಹೊಟ್ಟೆಬಾಕತನಕ್ಕೆ ಬಿದ್ದಿತ್ತು. ಹುಳುವಿಗೆ ರೋಗ ತಗಲೀತು, ಹೊರಗಿನವರು ಒಳಗೆ ಬರುವಂತಿಲ್ಲ ಎಂದು ಒಳಗಿಂದಲೇ ಹೇಳಿಕಳಿಸಿದ. ಮೇಡಂ ಹೋಗಲಿಲ್ಲ. ಬೂಟು ಬಿಚ್ಚಿ, ಅಜ್ಜಿ ಕೂತಿದ್ದ ಜಗುಲಿಯ ಅಂಚಿನಲ್ಲಿ ಕೂತು, ಮುಚ್ಚಿದ ಬಾಗಿಲಿಗೇ ಮಾತು ಶುರುಮಾಡಿದರು.

ಅವತ್ತು ಬಾಯಿ ಬಿಡುವ ಮುಂಚೆ ಸುತ್ತ ಯಾರ್ಯಾರು ನಿಂತಿದ್ದಾರೆಂದು ನೋಡಬೇಕಿತ್ತು, ನನ್ನ ಸಂತೋಷದಲ್ಲಿ ನಿಮ್ಮನ್ನು ಮರೆತೆ ಅಂದರು. ಆಮೇಲೆ ನರಿಯ ಬಗ್ಗೆ ಹೇಳಿದರು. ಸಂಸ್ಕೃತದಲ್ಲಿ ಹೆಣ್ಣು ನರಿಗೆ ಶಿವೆ ಅನ್ನುವ ಹೆಸರಿದೆಯಂತೆ, ಮಂಗಳ ಅನ್ನುವುದೇ ಆ ಮಾತಿನ ಅರ್ಥ. ಸ್ಮಶಾನದಲ್ಲಿ ನಿಲ್ಲುವ ಚಾಮುಂಡಿಯ ಹಳೆಯ ವಿಗ್ರಹಗಳಲ್ಲಿ ಕಾಲ ಬಳಿ ನರಿ ಇರುತ್ತದಂತೆ. ತಮಿಳು ಸೀಮೆಯ ಒಂದು ಕಥೆಯಲ್ಲಿ ಶಿವನೇ ಭಕ್ತನಿಗಾಗಿ ಕಾಡಿನ ನರಿಗಳನ್ನು ಕುದುರೆ ಮಾಡಿ ರಾಜನಿಗೆ ಒಪ್ಪಿಸುತ್ತಾನೆ, ರಾತ್ರಿ ಲಾಯದಲ್ಲಿ ಅವು ಮತ್ತೆ ನರಿಗಳಾಗಿ ಊಳಿಡುತ್ತವೆ. ಈಜಿಪ್ಟಿನವರು ಸತ್ತವರಿಗೆ ದಾರಿ ತೋರಿಸುವ ದೇವರಿಗೆ ನರಿಯ ತಲೆ ಇಟ್ಟರು. ಜಪಾನಿನಲ್ಲಿ ಭತ್ತದ ದೇವತೆಯ ದೂತ ನರಿ, ಅದರ ಕಲ್ಲಿನ ವಿಗ್ರಹಗಳಿಗೆ ಇವತ್ತೂ ಜನ ಕೆಂಪು ಬಟ್ಟೆ ಕಟ್ಟುತ್ತಾರೆ. ಊರಿನ ಅಂಚಿನಲ್ಲಿ, ಕತ್ತಲು ಬೆಳಕಿನ ಸಂದಿಯಲ್ಲಿ ಓಡಾಡುವ ಪ್ರಾಣಿ ಅದು. ಅದಕ್ಕೇ ಎಲ್ಲ ಕಡೆಯವರೂ ಈ ಲೋಕದ ಸುದ್ದಿಯನ್ನು ಆ ಲೋಕಕ್ಕೆ ಒಯ್ಯುವ ಕೆಲಸವನ್ನು ಅದಕ್ಕೆ ಹೇಳಿದರು ಅಂದರು.

ಎಷ್ಟೋ ವರ್ಷಗಳ ಮೇಲೆ, ಶಾಲೆಯಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದಾಗ, ತುರ್ಕಿ ದೇಶದಲ್ಲಿ ಮನುಷ್ಯರು ಬೇಸಾಯ ಕಲಿಯುವ ಕಾಲದಲ್ಲಿ ನಿಲ್ಲಿಸಿದ ಕಲ್ಲಿನ ಕಂಬಗಳ ಚಿತ್ರ ನೋಡಿದೆ. ಕಂಬದ ಮೈಮೇಲೆ ಎಗರುವ ನರಿಗಳು, ಅದೇ ಮೂತಿ, ಅದೇ ಬಾಲ. ಇದನ್ನೆಲ್ಲ ನಾನು ಓದತೊಡಗಿದ್ದು ಜ್ಞಾನದ ಆಸೆಗಲ್ಲ. ಯಾರಾದರೂ ಮತ್ತೆ ನಕ್ಕರೆ ಹೇಳಲು ಒಂದು ಉತ್ತರ ಇಟ್ಟುಕೊಂಡಿರಬೇಕೆಂದು.

ಅವತ್ತು ಮೇಡಂ ಮಾತು ಮುಗಿಸಿದ ಮೇಲೂ ಒಳಗೆ ಸೊಪ್ಪಿನ ಸರಪರ ನಡೆದೇ ಇತ್ತು. ಕೊನೆಗೆ ಬಾಗಿಲು ಅರ್ಧ ತೆರೆದು ಅಪ್ಪ ಹೊರಗೆ ಬಂದ. ಅವನಿಗೆ ಈಜಿಪ್ಟೂ ಬೇಕಿರಲಿಲ್ಲ, ಜಪಾನೂ ಬೇಕಿರಲಿಲ್ಲ.

"ಒಂದ್ ಮಾತು ಕೇಳ್ತೀನಿ ಮೇಡಮ್ನೋರೆ. ಆ ಬಂಡೆ ಮ್ಯಾಲೆ ಅದನ್ನ ಬರ್ದೋರು, ಕೈ ಮುಗಿಯಾಕೆ ಅಂತ ಬರುದ್ರಾ, ಸುಮ್ಕೆ ಹೊತ್ತು ಹೋಗಾಕೆ ಬರುದ್ರಾ?"

ಮೇಡಂ ತಾವು ಬಿಚ್ಚಿಟ್ಟ ಬೂಟಿನ ಕಡೆ ನೋಡಿದರು. ಅವರಿಗೂ ಅದೇನೋ ನಾಚಿಕೆಯಾದಂತೆ ಕಂಡಿತು.

"ಗೊತ್ತಿಲ್ಲ ಮಾರಯ್ಯ" ಅಂದರು. "ಯಾರಿಗೂ ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ."

ಅಪ್ಪ ತಲೆಯಾಡಿಸಿದ. "ನಮ್ಮೋರ್ಗೂ ಗೊತ್ತಿರ್ಲಿಲ್ಲ. ಗೊತ್ತಿಲ್ದೇನೆ ಕೈ ಮುಗುದ್ರು. ಸುಳ್ಳು ಹೇಳಿರ್ಲಿಲ್ಲ ಅಲ್ವರಾ?"

"ಇಲ್ಲ. ಸುಳ್ಳು ಹೇಳಿರಲಿಲ್ಲ."

ಅಜ್ಜಿ ಕೂತಲ್ಲಿಂದಲೇ ನನಗೆ ಮೇಡಮ್ಮನವರಿಗೆ ಮಜ್ಜಿಗೆ ಕೊಡು ಎಂದು ಹೇಳಿದಳು. ಆಮೇಲೆ ಯಾರಿಗೆಂದಿಲ್ಲದೆ, "ಸಿಂಹ ಎಣ್ಣೆ ಕುಡೀತಿತ್ತು, ನರಿ ಕುಡಿಯಾಕಿಲ್ವಾ" ಅಂದಳು.

ಮೇಡಂ ಹೋದ ಮೇಲೆ ಅಪ್ಪ ಸ್ನಾನ ಮಾಡಿ, ದೀಪ, ಎಣ್ಣೆಗಿಂಡಿ ತೆಗೆದುಕೊಂಡ. ಸಂಜೆಯವರೆಗೆ ಕಾಯಲಿಲ್ಲ. ನಡುಮಧ್ಯಾಹ್ನ, ಕೆರೆಯ ಬಳಿ ಹೊಸ ಗುಡಿಯ ಕೆಲಸಕ್ಕೆ ಊರಿಗೆ ಊರೇ ಸೇರಿದ್ದ ಹೊತ್ತು. ಬತ್ತೀಯಾ ಮಗ ಎಂದು ಕೇಳಿದ, ಬಾ ಅನ್ನಲಿಲ್ಲ. ಹೋಗದಿರಲು ನನಗೆ ನೂರು ನೆಪ ಇದ್ದವು, ಪರೀಕ್ಷೆಯೊಂದೇ ಸಾಕಾಗಿತ್ತು. ಆದರೆ ಮಾರ್ಕೆಟ್ಟಿನಲ್ಲಿ ಅವನು ನಕ್ಕ ಮುಖ ಕಣ್ಣ ಮುಂದೆ ಬಂತು. ಹೂವಿನ ತಟ್ಟೆ ಎತ್ತಿಕೊಂಡೆ. ದೊಡ್ಡ ಬೀದಿಯ ನಡುವೆಯೇ ನಡೆದು, ಗುಡಿ ಕೆಲಸದವರ ಎದುರಿಗೇ ಹಾದೆವು. ಕೆಲಸ ನಿಲ್ಲಿಸಿ ನೋಡಿದರು. ಯಾರೋ ಊಳಿಟ್ಟರು, ಮಕ್ಕಳಲ್ಲ, ದೊಡ್ಡವರೇ. ನನ್ನ ಬೆನ್ನಿನ ತುಂಬ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಧೈರ್ಯ ಬಂತು ಎಂದು ಬರೆದರೆ ಅದು ಸುಳ್ಳು. ನಾಚಿಕೆಯಲ್ಲೇ ಮುಳುಗಿ, ಅಪ್ಪನ ಹಿಮ್ಮಡಿ ನೋಡುತ್ತಾ ಗುಡ್ಡ ಹತ್ತಿದೆ.

ಬಂಡೆಯ ಮೇಲೆ ಅಪ್ಪ ನರಿಯ ಮುಖಕ್ಕೆ ಎಣ್ಣೆ ಹಚ್ಚಲಿಲ್ಲ. ಕಾಲಿಗೆ ಮಾತ್ರ ಹಚ್ಚಿದ. ಮುಖ ಕಾಣುವ ಹಾಗೇ ಇರಲಿ ಅಂದ.

ಆ ಸಲ ನಮ್ಮ ಗೂಡು ಬಹಳ ಚೆನ್ನಾಗಿ ಬಂತು. ಪವಾಡವೇನಲ್ಲ. ಚಳಿ ಹದವಾಗಿತ್ತು, ಸೊಪ್ಪು ರಸವಾಗಿತ್ತು, ಊರವರ ಜೊತೆ ಒಡನಾಟ ತಪ್ಪಿಹೋಗಿದ್ದ ಅಪ್ಪ ಹಗಲೂ ಇರುಳೂ ಹುಳುವಿನ ಜೊತೆಯೇ ಇದ್ದ. ಮಾರ್ಕೆಟ್ಟಿನ ಹರಾಜಿನಲ್ಲಿ ಅವತ್ತಿನ ಮೇಲ್ರೇಟು ನಮ್ಮ ರಾಶಿಗೆ ಕೂಗಿದರು. ಕೊಂಡ ರೀಲರು ನಮ್ಮ ಕಥೆ ತಿಳಿಯದವರು, ಚನ್ನಪಟ್ಟಣದ ಕಡೆಯಿಂದ ಬಂದಿದ್ದವರು. ಅದೃಷ್ಟ ಹೊಡೆದವರನ್ನು ಎಲ್ಲರೂ ಕೇಳುವ ಹಾಗೆ ಅವರೂ ಕೇಳಿಬಿಟ್ಟರು: "ಏನ್ ಯಜಮಾನ್ರೆ, ಬೆಳಗಾಗೆದ್ದು ನರಿ ಮುಖ ನೋಡ್ಕಂಡ್ ಬಂದಿದ್ರಾ?"

ಸುತ್ತ ಇದ್ದ ನಮ್ಮ ಕಡೆಯವರೆಲ್ಲ ಅಪ್ಪನ ಕಡೆ ತಿರುಗಿದರು. ಗೌಡರೂ ಎರಡು ರಾಶಿ ಆಚೆ ನಿಂತಿದ್ದರು. ಅಪ್ಪ ಈ ಸಲ ನಗಲಿಲ್ಲ.

"ಹೂಂ ಸ್ವಾಮಿ" ಅಂದ. "ದಿನಾ ನೋಡ್ತೀನಿ."

ರೀಲರು ತಮಾಷೆಯೆಂದುಕೊಂಡು ಅಪ್ಪನ ಬೆನ್ನು ತಟ್ಟಿ ಮುಂದೆ ಹೋದರು. ನಮ್ಮೂರಿನವರಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ. ನರಿಯ ಮುಖ ನೋಡಿದರೆ ಒಳ್ಳೆಯದಾಗುತ್ತದೆಂದು ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ಜನ ನಾವು. ಆ ಮಾತನ್ನೂ ಗುಡ್ಡದ ನರಿಯನ್ನೂ ಅಲ್ಲಿಯವರೆಗೆ ಯಾರೂ ಜೋಡಿಸಿ ನೋಡಿರಲಿಲ್ಲ.

ಮುಂದಿನ ಬೆಳೆಯ ಹೊತ್ತಿಗೆ ಬಂಡೆಯ ಮೇಲೆ ನಾವಿಡದ ಹೂವು ಕಾಣಿಸತೊಡಗಿತು. ಒಂದು ದಿನ ಬಾಳೆಹಣ್ಣು, ಒಂದು ದಿನ ಉರಿದು ಮುಗಿದ ಕರ್ಪೂರದ ಕಪ್ಪು. ಗೂಡು ಮಾರ್ಕೆಟ್ಟಿಗೆ ಹೊರಡುವ ಮುಂಜಾನೆಗಳಲ್ಲಿ, ಯಾರೂ ಏಳುವ ಮೊದಲು, ಒಬ್ಬೊಬ್ಬರಾಗಿ ಕದ್ದು ಬಂದು ನರಿಯ ಮುಖ ನೋಡಿಕೊಂಡು ಹೋಗುತ್ತಿದ್ದರು. ಹಗಲು ಕಂಡರೆ ನಮ್ಮ ಹತ್ತಿರ ಮಾತಿಲ್ಲ. ನನಗೆ ಸಿಟ್ಟು ಬಂತು. ಒಂದು ಬೆಳಿಗ್ಗೆ ಹೋಗಿ ಅಡಗಿ ಕೂತು, ಬಂದವರ ಹೆಸರು ಹಿಡಿದು ಕೂಗಬೇಕು ಅಂದೆ. ಅಪ್ಪ ಆಗ ಬೆಳಗಿನ ಹೊತ್ತೂ ಹೂವಿಡಲು ಹೋಗುತ್ತಿದ್ದ, ಗುಡ್ಡ ಹತ್ತುವಾಗ ಬುಡದಿಂದಲೇ ಜೋರಾಗಿ ಕೆಮ್ಮತೊಡಗಿದ್ದ. ಮೊದಮೊದಲು ಚಳಿಯ ಕೆಮ್ಮು ಎಂದುಕೊಂಡಿದ್ದೆ. ಬಂಡೆಯ ಮೇಲೆ ಯಾರಾದರೂ ಇದ್ದರೆ ಆ ಕಡೆಯ ಇಳಿಜಾರಿನಿಂದ ಇಳಿದುಹೋಗಲಿ ಎಂದು ಕೆಮ್ಮುತ್ತಿದ್ದ.

ನನ್ನ ಪರೀಕ್ಷೆ ಶುರುವಾಗುವ ದಿನ, ನಸುಕಿನಲ್ಲೇ ದೀಪ ಹಚ್ಚಿ ಬರೋಣವೆಂದು ಇಬ್ಬರೂ ಹೊರಟೆವು. ಗಾಳಿ ಎದುರಿನಿಂದ ಬೀಸುತ್ತಿತ್ತು, ಕೆಮ್ಮು ಮೇಲಕ್ಕೆ ಕೇಳಿಸಿರಲಿಕ್ಕಿಲ್ಲ. ಕೊನೆಯ ತಿರುವು ದಾಟಿದರೆ ಬಂಡೆಯ ಮೇಲೆ ಒಬ್ಬರು ತಲೆಗೆ ಟವೆಲು ಸುತ್ತಿ, ಮಂಡಿಯೂರಿ, ನರಿಯ ಮುಖಕ್ಕೆ ಮುಖ ತಂದು ನೋಡುತ್ತಿದ್ದರು. ಎದ್ದು ತಿರುಗುವಾಗ ಗುರುತು ಸಿಕ್ಕಿತು. ಪುಟ್ಟೇಗೌಡರು. ನನ್ನ ಬಾಯಿ ತೆರೆಯಿತು. ಏನು ಕೂಗಲಿದ್ದೆನೋ ನನಗೇ ತಿಳಿಯದು. ಅಷ್ಟರಲ್ಲಿ ಅಪ್ಪ ನನ್ನ ರಟ್ಟೆ ಹಿಡಿದು ಪಕ್ಕದ ಗುಂಡಿನ ಮರೆಗೆ ಎಳೆದುಕೊಂಡ. ಅವರ ಹೆಜ್ಜೆಯ ಸದ್ದು ಕೆಳಗಿಳಿದು ಕೇಳದಾಗುವವರೆಗೂ ಹಿಡಿದ ಕೈ ಬಿಡಲಿಲ್ಲ.

"ನೋಡ್ದೆ ಅಂತ ಯಾರ್ಗೂ ಹೇಳ್ಬ್ಯಾಡ ಮಗ" ಅಂದ. "ನಮ್ಗಾದಂಗೆ ಅವ್ರ್ಗೂ ಆಗದು ಬ್ಯಾಡ."

ದೀಪ ಹಚ್ಚಿದೆವು. ಗೌಡರು ಅವಸರದಲ್ಲಿ ಮೂಲೆಗೆ ತುರುಕಿಹೋಗಿದ್ದ ಸೇವಂತಿಗೆಯನ್ನು ಅಪ್ಪ ಎತ್ತಿ, ಮುದುರಿದ್ದ ಎಸಳು ಬಿಡಿಸಿ, ನರಿಯ ಕಾಲ ಬಳಿ ಇಟ್ಟ. ಇಳಿಯುವಾಗ ದಿನದ ದಾರಿ ಬಿಟ್ಟು ಕೆರೆ ಏರಿಯ ಸುತ್ತುದಾರಿ ಹಿಡಿದ. ಬಸ್ಸು ತಪ್ಪುತ್ತದೆ ಅಪ್ಪ ಅಂದೆ. ನೇರ ದಾರಿ ಗೌಡರ ಜಗುಲಿಯ ಮುಂದೆ ಹಾದುಹೋಗುತ್ತಿತ್ತು. ಈಗ ತಾನೇ ಮನೆ ಸೇರಿದವರು ನಮ್ಮ ಮುಖ ನೋಡುವಂತಾಗಬಾರದೆಂದು, ಅಪ್ಪ ಏರಿಯ ಮೇಲೆ ಬಿರಬಿರನೆ ನಡೆಯತೊಡಗಿದ.